ಚಿಕ್ಕಮ್ಮ ‘ಏನೂ ಮಾಡಲ್ಲ’ವಂತೆ

ನಿನ್ನೆಯಿಂದ ತಲೆ ಕೆಟ್ಟಿದೆ. ಉದ್ದದ ಪೋಸ್ಟು, ಪುರುಸೊತ್ತು ಇದ್ದವರು ಓದಿ.

ತಿಪಟೂರಿನ ಹತ್ತಿರ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಬೆಳಗ್ಗೆ ಏಳೂವರೆಗೆ ಇಬ್ಬರು ಹುಡುಗರು ಬಂದರು. ಯಾವುದೋ ಕಾಲೇಜಿನವರು, ಹೆಸರು ಬೇಡ ಬಿಡಿ. ಕೈಯಲ್ಲಿ ಟ್ಯಾಬು, ಕುತ್ತಿಗೆಯಲ್ಲಿ ಐಡಿ ಕಾರ್ಡು. ಹಳ್ಳಿ ಹೆಂಗಸರ ದುಡಿಮೆ ಬಗ್ಗೆ ಸರ್ವೆಯಂತೆ. ಚಿಕ್ಕಮ್ಮ ಆಗಷ್ಟೇ ಡೈರಿಗೆ ಹಾಲು ಹಾಕಿ ಬಂದಿದ್ದಳು. ಖಾಲಿ ಕ್ಯಾನು ಇನ್ನೂ ಕೈಯಲ್ಲೇ ಇತ್ತು.

“ಆಂಟಿ, ನೀವು ಏನ್ ಕೆಲ್ಸ ಮಾಡ್ತೀರಾ?”

“ನಾನೇನ್ ಮಾಡ್ಲಪ್ಪ, ಮನೇಲಿರೋದೆಯಾ.”

ಟಿಕ್. ಗೃಹಿಣಿ. ಮುಂದಿನ ಪ್ರಶ್ನೆ.

ಜಗಲಿ ಮೇಲೆ ಕೂತು ಕುಡಿಯುತ್ತಿದ್ದ ಕಾಫಿ ನನಗೆ ನೆತ್ತಿಗೆ ಹತ್ತಿತು. ಕ್ಯಾನು ಕಣ್ಣೆದುರಿಗೇ ಇದೆ ಮಾರಾಯ! ಐದು ಗಂಟೆಗೆ ಎದ್ದು ಕೊಟ್ಟಿಗೆ ಬಾಚಿ, ಎರಡು ಹಸು ಕರೆದು, ಡೈರಿಗೆ ಹೋಗಿ ಬಂದವಳು ಅವಳು. ಸಂಜೆ ಮತ್ತೆ ಅದೇ. ಅಟ್ಟದ ಮೇಲಿನ ಕಾಯಿ ಇಳಿಸಿ, ಚಿಪ್ಪು ಬಿಡಿಸಿ ಕೊಬ್ಬರಿ ತೆಗೆಯೋ ದಿನಗಳಲ್ಲಿ ಅವಳ ಕೈ ನೋಡಬೇಕು ನೀವು. ಆದರೆ ಡೈರಿ ಪಾಸ್‌ಬುಕ್ ಇರೋದು ಚಿಕ್ಕಪ್ಪನ ಹೆಸರಲ್ಲಿ. ಹಾಗಾಗಿ ಅವಳ ಲೆಕ್ಕದಲ್ಲೂ ಅವಳು ‘ಮನೇಲಿರೋದು’. ಅವಳು ಸುಳ್ಳು ಹೇಳಲಿಲ್ಲ. ಕೇಳಿದವನಿಗೆ ಕೇಳೋಕೆ ಬರಲಿಲ್ಲ, ಅಷ್ಟೆ.

ನನ್ನ ಹಳೇ ಕಸುಬು ನಿಮಗೆ ಗೊತ್ತಲ್ಲ. ಮೇಷ್ಟ್ರಾಗೋಕೆ ಮುಂಚೆ ಐದು ವರ್ಷ ಸರ್ಕಾರದ ರಾಷ್ಟ್ರೀಯ ಮಾದರಿ ಸರ್ವೆಯ ಶೆಡ್ಯೂಲ್ (ಅಂದರೆ ಪ್ರಶ್ನೆಪಟ್ಟಿ) ಹಿಡಿದು ಊರೂರು ಅಲೆದವನು. ಯಾರದ್ದು ಏನು ಕೆಲಸ ಅಂತ ಗುರುತು ಹಾಕೋ ನಮ್ಮ ಕೋಡುಗಳು ಇವತ್ತಿಗೂ ಬಾಯಿಪಾಠ. ಬರೀ ಮನೆಗೆಲಸ ಅಂದರೆ 92. ಅದರ ಜೊತೆ ಮನೆ ಬಳಕೆಗೆ ಸೌದೆ ತರೋದು, ಬಟ್ಟೆ ಹೊಲಿಯೋದು ಇದ್ದರೆ 93. ಸಂಬಳ ಇಲ್ಲದೆ ಮನೆಯವರ ಕಸುಬಿಗೆ ದುಡಿದರೆ 21, ಸ್ವಂತ ಕಸುಬಾದರೆ 11. ಹಾಲು ಮಾರೋ ಚಿಕ್ಕಮ್ಮ 11ರಾ 21ರಾ ಅಂತ ಸೂಪರ್‌ವೈಸರ್ ಜೊತೆ ಅರ್ಧ ಗಂಟೆ ಜಗಳ ಆಡಬಹುದು. 92 ಅಂತೂ ಅಲ್ಲ.

ಅವಳ ದುಡಿಮೆಯನ್ನು ಹೊರಗೆ ತೆಗೆಯೋಕೆ ಇನ್ನೊಂದೇ ಪ್ರಶ್ನೆ ಸಾಕಿತ್ತು. “ಇವತ್ತು ಎಷ್ಟೊತ್ತಿಗೆ ಎದ್ದ್ರಿ? ಎದ್ದು ಏನೇನ್ ಮಾಡಿದ್ರಿ?” ಇದೇನು ನನ್ನ ಪಾಂಡಿತ್ಯ ಅಲ್ಲ. ದೇಶದ ಸಮಯ ಬಳಕೆ ಸರ್ವೆ ನಡೆಯೋದೇ ಹೀಗೆ. 1998-99ರಲ್ಲಿ ಆರು ರಾಜ್ಯಗಳಲ್ಲಿ ಪ್ರಯೋಗ ಮಾಡಿದರು. ಅದರಲ್ಲಿ ನಮ್ಮ ಕರ್ನಾಟಕ ಇರಲಿಲ್ಲ. ಆಮೇಲೆ 2019ರಲ್ಲಿ ಇಡೀ ದೇಶದಲ್ಲಿ ಮಾಡಿದರು. ‘ನೀವು ಕೆಲಸ ಮಾಡ್ತೀರಾ’ ಅಂತ ಕೇಳಿ ಸುಮ್ಮನಾಗಲ್ಲ ಅವರು. ಹಿಂದಿನ ದಿನ ಬೆಳಗಿನ ಜಾವ 4ರಿಂದ ಮಾರನೇ ದಿನ 4ರವರೆಗೆ, ಅರ್ಧರ್ಧ ಗಂಟೆ ಲೆಕ್ಕದಲ್ಲಿ ಏನು ಮಾಡಿದಿರಿ ಅಂತ ಕೇಳ್ತಾರೆ. ಆಗ ಹಸು ತಾನಾಗೇ ಹೊರಗೆ ಬರುತ್ತೆ.

ಹುಡುಗರ ಮುಂದಿನ ಪ್ರಶ್ನೆ ಇನ್ನೂ ಚೆನ್ನಾಗಿತ್ತು. “ನಿಮ್ಮ ಊರಿನ ರಸ್ತೆ ಮತ್ತು ಕುಡಿಯುವ ನೀರಿನ ಸೌಲಭ್ಯದ ಬಗ್ಗೆ 1ರಿಂದ 5ರ ಪ್ರಮಾಣದಲ್ಲಿ ನೀವು ಎಷ್ಟು ತೃಪ್ತರಾಗಿದ್ದೀರಿ?” ರಸ್ತೆ ಬೇರೆ, ನೀರು ಬೇರೆ ಕಣಪ್ಪಾ. ರಸ್ತೆ ಹೊಸದು, ನೀರು ಮೂರು ದಿನಕ್ಕೊಮ್ಮೆ. ಎರಡಕ್ಕೂ ಸೇರಿಸಿ ಯಾವ ನಂಬರ್ ಕೊಡೋದು? ಚಿಕ್ಕಮ್ಮ ಮುಖ ಮುಖ ನೋಡಿ “ಪರವಾಗಿಲ್ಲ” ಅಂದಳು. ಅವನು 3 ಒತ್ತಿದ.

ಅಯ್ಯೋ, ‘ಪರವಾಗಿಲ್ಲ’ ಅಂದರೆ 3 ಅಂತ ಯಾರು ಹೇಳಿದರು ಇವರಿಗೆ? ಮದುವೆ ಊಟ ಹೇಗಿತ್ತು ಅಂದರೆ “ಪರವಾಗಿಲ್ಲ”. ಅದು 4. ಗಂಡ ಹೇಗೆ ನೋಡ್ಕೋತಾನೆ ಅಂದರೆ, ತಲೆ ತಗ್ಗಿಸಿ “ಪರವಾಗಿಲ್ಲ”. ಅದು 1. ಆ 1 ಕೇಳಿಸಬೇಕಾದರೆ ಮುಖ ನೋಡ್ತಿರಬೇಕು. ಟ್ಯಾಬ್ ನೋಡ್ತಿದ್ದರೆ ಕೇಳಿಸಲ್ಲ. ಇದರ ಮಧ್ಯೆ ಒಳಗಿನಿಂದ ಚಿಕ್ಕಪ್ಪ ಬೇರೆ, “ಎಲ್ಲ ಚೆನಾಗೈತೆ ಅಂತ ಬರ್ಕೊಳ್ರಪ್ಪ” ಅಂತ ಕೂಗಿದ. ಬರೆದುಕೊಂಡರೂ ಬರೆದುಕೊಂಡರು. ಹೆಂಗಸರ ಸರ್ವೆಗೆ ಗಂಡಸಿನ ಉತ್ತರ!

ಅಡ್ಡ ಕೇಳೋದೇ ಕಸುಬು. ವಯಸ್ಸೆಷ್ಟು ಅಂದರೆ ಜನ 40, 45, 50 ಅಂತ ಉರುಟಾಗಿ ಹೇಳ್ತಾರೆ. ಅದಕ್ಕೇ ನಾವು ತಿರುಗಿಸಿ ಕೇಳ್ತಿದ್ದೆವು. “ಅಣ್ಣಾವ್ರನ್ನ ವೀರಪ್ಪನ್ ಹೊತ್ಕೊಂಡು ಹೋದಾಗ ನಿಮ್ಮ ದೊಡ್ಡ ಮಗ ಸ್ಕೂಲಿಗೆ ಹೋಗ್ತಿದ್ನಾ?” ತಕ್ಷಣ ಲೆಕ್ಕ ಸಿಗ್ತಿತ್ತು. 2000ನೇ ಇಸವಿಯ ಆ ದಿನಗಳನ್ನು ಈ ಸೀಮೆಯಲ್ಲಿ ಮರೆತವರು ಯಾರಿದ್ದಾರೆ?

ಹೋಗಲಿ ಬಿಡಿ, ಒಂದು ಟಿಕ್‌ನಿಂದ ಏನಾಗುತ್ತೆ ಅಂತೀರಾ? ನಮ್ಮ ಸೀನಿಯರ್‌ಗಳು ಅದೇ ಮಾದರಿ ಸರ್ವೆಯ 55ನೇ ರೌಂಡಿನ (55ನೇ ಸುತ್ತಿನ) ಕಥೆ ಹೇಳ್ತಿದ್ದರು. 1999-2000ದ ಖರ್ಚು-ವೆಚ್ಚದ ಸರ್ವೆ. ಊಟದ ಖರ್ಚನ್ನು ಕಳೆದ 30 ದಿನಕ್ಕೆ ಕೇಳಬೇಕಾ, 7 ದಿನಕ್ಕೆ ಕೇಳಬೇಕಾ ಅಂತ ಚರ್ಚೆ. ಮೊದಲು ಬೇರೆ ಬೇರೆ ಮನೆಗಳಲ್ಲಿ ಕೇಳಿ ನೋಡಿದ್ದರು. 7 ದಿನಕ್ಕೆ ಕೇಳಿ ತಿಂಗಳ ಲೆಕ್ಕಕ್ಕೆ ತಂದರೆ ಖರ್ಚು ಜಾಸ್ತಿ ಬರುತ್ತಿತ್ತು, ಲೆಕ್ಕದಲ್ಲಿ ಬಡತನ ಹೆಚ್ಚು ಕಡಿಮೆ ಅರ್ಧಕ್ಕೆ ಇಳಿಯುತ್ತಿತ್ತು. ಬಡವರು ಅವರೇ, ಬದಲಾಗಿದ್ದು ಪ್ರಶ್ನೆ ಮಾತ್ರ. 55ನೇ ರೌಂಡಿನಲ್ಲಿ ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಇಟ್ಟುಬಿಟ್ಟರು. ಒಂದು ಉತ್ತರ ಇನ್ನೊಂದನ್ನು ತನ್ನ ಕಡೆಗೆ ಎಳೆಯಿತು. 1993-94ರಲ್ಲಿ ಶೇ. 36 ಇದ್ದ ಬಡತನ ಶೇ. 26ಕ್ಕೆ ಇಳಿಯಿತು ಅಂತ ಘೋಷಣೆ ಆಯಿತು. ನಿಜವಾಗಿ ಎಷ್ಟು ಇಳಿದಿತ್ತು, ಪ್ರಶ್ನೆ ಎಷ್ಟು ಇಳಿಸಿತ್ತು ಅಂತ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಕಿತ್ತಾಡಿದರು.

ಈಗ ಯಾರಾದರೂ ಕಾಮೆಂಟಲ್ಲಿ ಬಂದೇ ಬರ್ತೀರಿ. “ಸಾರ್, ನಿಮ್ಮ ಕಾಲ ಹೋಯ್ತು. ಈಗ ಗೂಗಲ್ ಫಾರ್ಮ್ ಕಳಿಸಿದ್ರೆ ಎರಡು ದಿನದಲ್ಲಿ ಸಾವಿರ ಉತ್ತರ.” ಸಾವಿರ ಯಾಕೆ, 20 ಲಕ್ಷ ತಗೊಳ್ಳಿ. 1936ರ ಅಧ್ಯಕ್ಷ ಚುನಾವಣೆಯಲ್ಲಿ ಯಾರಿಗೆ ಓಟು ಅಂತ ಕೇಳಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಕಾರ್ಡು ಕಳಿಸಿತ್ತು. 20 ಲಕ್ಷಕ್ಕೂ ಹೆಚ್ಚು ವಾಪಸ್ ಬಂದವು. ಲ್ಯಾಂಡನ್ ಗೆಲ್ತಾನೆ ಅಂತ ಡಂಗುರ ಸಾರಿದರು. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದ. ವಿಳಾಸ ತೆಗೆದದ್ದು ಹೆಚ್ಚಾಗಿ ಫೋನು, ಕಾರು ಇದ್ದವರ ಪಟ್ಟಿಗಳಿಂದ. ಬಡವರ ಮನೆಗೆ ಕಾರ್ಡು ಹೋಗಿದ್ದೇ ಕಡಿಮೆ. ಕಾರ್ಡು ತಲುಪಿದವರಲ್ಲೂ ರೂಸ್‌ವೆಲ್ಟ್ ಮೇಲೆ ಸಿಟ್ಟಿದ್ದವರೇ ಜಾಸ್ತಿ ಬರೆದು ಕಳಿಸಿದ್ದು. ನಿಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿನ ಸಾವಿರ ಜನ ಇನ್ನೇನು?

ಒಂದು ಮಾತು ಒಪ್ಪುತ್ತೇನೆ. ಕುಡಿತ, ಸಾಲ, ಕಾಯಿಲೆ ಇಂಥದ್ದನ್ನು ಜನ ಎದುರಿಗೆ ಕೂತವನಿಗಿಂತ ಸ್ಕ್ರೀನಿಗೆ ಹೇಳೋದೇ ಹೆಚ್ಚು. ಸರಿ. ಆದರೆ ಹಸುವನ್ನು ಯಾರೂ ಮುಚ್ಚಿಡಲ್ಲ ಅಲ್ವಾ?

ಇಷ್ಟೆಲ್ಲ ಎಗರಾಡ್ತಿದ್ದೀನಲ್ಲ, ನಾನೇನು ಸಾಚಾ ಅಂದುಕೊಳ್ಳಬೇಡಿ. ಒಂದು ಏಪ್ರಿಲ್ ಮಧ್ಯಾಹ್ನ, ಮೂರನೇ ಸಲ ಹೋದರೂ ಮನೆಗೆ ಬೀಗ. ಕೊನೇ ಬಸ್ಸು ನಾಲ್ಕಕ್ಕೆ. ಅರಳಿಕಟ್ಟೆ ಮೇಲೆ ಕೂತು ಆ ಮನೆಯ ಶೆಡ್ಯೂಲ್ ನಾನೇ ತುಂಬಿದೆ. ಎಷ್ಟು ಅಕ್ಕಿ, ಎಷ್ಟು ಎಣ್ಣೆ, ಯಾರು ಏನು ಕೆಲಸ, ಎಲ್ಲ ನನ್ನ ತಲೆಯಿಂದ. ಆ ಮನೆಯ ಹೆಂಗಸಿಗೆ 92 ಹಾಕಿದೆ. ಅವಳ ಮುಖವನ್ನೂ ನೋಡಿರಲಿಲ್ಲ. ಯಾರೂ ಹಿಡಿಯಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ ಇದನ್ನ, ಈಗ ಇಲ್ಲೇ ಓದಲಿ.

ಹುಡುಗರಿಗೆ ಬೈಯೋಕೆ ಬಾಯಿ ಬರಲಿಲ್ಲ, ಅದಕ್ಕೇ ಇರಬೇಕು. ದಿನಕ್ಕೆ 40 ಮನೆ ಮುಗಿಸಬೇಕಂತೆ ಪಾಪ. ಚಿಕ್ಕಮ್ಮ ಕೊಟ್ಟ ಕಾಫಿ ಕುಡಿಯೋಕೂ ಪುರುಸೊತ್ತಿಲ್ಲ. ಗೇಟಿನ ತನಕ ಹೋಗಿ, ಹಸು, ಹಾಲು, ಕೊಬ್ಬರಿ ಎಲ್ಲ ಹೇಳಿದೆ. ಒಬ್ಬ ಹುಡುಗ ನಿಜವಾಗಿಯೂ ನಿಂತು ಕೇಳಿಸಿಕೊಂಡ. ನಂಬರ್ ತಗೊಂಡ. “ಸರ್ ಹಾಗಾದ್ರೆ ಚೇಂಜ್ ಮಾಡ್ತೀನಿ” ಅಂದ.

ರಾತ್ರಿ ಒಂಬತ್ತಕ್ಕೆ ಮೆಸೇಜ್ ಬಂತು. “ಸರ್, ಸಬ್ಮಿಟ್ ಆದಮೇಲೆ ಆ್ಯಪಲ್ಲಿ ಎಡಿಟ್ ಆಪ್ಷನ್ ಇಲ್ಲ. ಸಾರಿ.”

ಅಷ್ಟೊತ್ತಿಗೆ ಚಿಕ್ಕಮ್ಮ ಹಸುಗಳಿಗೆ ಹುಲ್ಲು ಹಾಕೋಕೆ ಬ್ಯಾಟರಿ ಹಿಡಿದು ಕೊಟ್ಟಿಗೆ ಕಡೆ ಹೋಗಿದ್ದಳು.