ಮಹಡಿ ಕೋಣೆಯಲ್ಲೊಂದು ಘಾಟಿ ರೈಲು

ಮನೆಗೆ ಬಂದವರು ಮಹಡಿಯ ಕೋಣೆ ನೋಡಿ ಮೊದಲು ಕೇಳುವುದು, "ಮಗನಿಗಾ ಮಾರಾಯ್ರೆ?" ಅಂತ. ಅಲ್ಲ, ನನಗೇ. ಆರು ವರ್ಷದಿಂದ ಉಡುಪಿಯ ನಮ್ಮ ಮನೆಯಲ್ಲಿ ಮಾದರಿ ರೈಲು ಕಟ್ಟುತ್ತಿದ್ದೇನೆ. ಇದರಿಂದ ಎಂತ ಸಿಗುತ್ತದೆ ಅಂತ ತುಂಬಾ ಜನ ಕೇಳಿದ್ದಾರೆ, ಇವತ್ತು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ನನ್ನದು ಎಚ್‌ಓ ಅಳತೆ. ನಿಜವಾದ ರೈಲಿನ 87ರಲ್ಲಿ ಒಂದು ಪಾಲು. 21 ಮೀಟರಿನ ಹಳೇ ನೀಲಿ ಬೋಗಿ ಇಲ್ಲಿ 24 ಸೆಂಟಿಮೀಟರ್ ಚಿಲ್ಲರೆ ಆಗುತ್ತದೆ, ಹಾಗಾಗಿ ನನ್ನ ಗಾಡಿಗೆ ನಾಲ್ಕೇ ಬೋಗಿ. ಮೊದಲು ತಂದ ಸೆಟ್ಟಿನ ಹಳಿ ಕಬ್ಬಿಣದ್ದು. ನಮ್ಮ ಕಡಲ ಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯಿತು, ತುಂಬಾ ಬೇಜಾರಾಯಿತು. ಆಮೇಲೆ ನಿಕಲ್ ಸಿಲ್ವರ್ ಹಳಿ ಹಾಕಿದೆ. ಅದೂ ಮಂಕಾಗುತ್ತದೆ. ಕರೆಂಟು ಹಳಿಯಿಂದ ಚಕ್ರಕ್ಕೆ, ಚಕ್ರದಿಂದ ಮೋಟರಿಗೆ ಹೋಗಬೇಕಲ್ವಾ, ಸ್ವಲ್ಪ ಕೊಳೆ ಇದ್ದರೂ ಇಂಜಿನ್ ತಡವರಿಸುತ್ತದೆ. ಅದಕ್ಕೆ ಪ್ರತಿ ಭಾನುವಾರ ಬೆಳಿಗ್ಗೆ ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಪೂರ್ತಿ ಹಳಿ ಒರೆಸುತ್ತೇನೆ. ವಾರದಲ್ಲಿ ನನ್ನ ತಲೆ ತಣ್ಣಗಿರುವ ಹೊತ್ತು ಅಂದರೆ ಅದೇ.

ಆದರೆ ನನಗೆ ಸಿಕ್ಕಿದ ದೊಡ್ಡ ಲಾಭ ಬೇರೆ. ಕಟ್ಟಲು ಶುರು ಮಾಡಿದ ಮೇಲೆ ನಾನು ನೋಡುವುದನ್ನು ಕಲಿತೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಘಾಟಿಯನ್ನು ಎಷ್ಟು ಸಲ ದಾಟಿದ್ದೆನೋ. 55 ಕಿಲೋಮೀಟರಿನಲ್ಲಿ 57 ಸುರಂಗ, ಕಿಟಕಿಯಲ್ಲಿ ಕೂತು ಎಣಿಸುತ್ತಿದ್ದೆ, ಅಷ್ಟೇ. ಅಲ್ಲಿನ ಏರು 50ಕ್ಕೆ 1. ಅಂದರೆ ಏನು ಅಂತ ಗೊತ್ತಾಗಿದ್ದು ನನ್ನ ಮೇಜಿನ ಮೇಲೆ. ಒಂದು ಹಳಿಯ ಮೇಲಿಂದ ಇನ್ನೊಂದನ್ನು ಹಾಯಿಸಲು ಸುಮಾರು 7 ಸೆಂಟಿಮೀಟರ್ ಎತ್ತರ ಬೇಕು. 50ಕ್ಕೆ 1ರಂತೆ ಏರಿದರೆ ಅದಕ್ಕೇ ಮೂರೂವರೆ ಮೀಟರ್ ಉದ್ದ ಹೋಯಿತು! ನನ್ನ ಕೋಣೆ ಹತ್ತಡಿ. ಗೋಡೆಯ ಸುತ್ತ ಬಳಸಿಕೊಂಡು ಹೋಗದೆ ಬೇರೆ ದಾರಿಯೇ ಇಲ್ಲ. ಆ ರಾತ್ರಿ ಸ್ಕೇಲು ಹಿಡಿದು ಕೂತಾಗ, ಆ ಕಾಡಿನಲ್ಲಿ ಮಳೆಗೆ ನೆನೆಯುತ್ತಾ ಸರ್ವೆ ಮಾಡಿದವರ ನೆನಪಾಗಿ ಕಣ್ಣು ತುಂಬಿ ಬಂತು.

ಮರಗಳದ್ದೂ ಹಾಗೆಯೇ. ಅಂಗಡಿಯಲ್ಲಿ ಸಿಗುವುದು ಪೈನ್ ಮರ, ಅದು ನಮ್ಮ ಊರಿನದ್ದಲ್ಲ. ಹಿಡಿಸೂಡಿಯ ಕಡ್ಡಿಯನ್ನು ಒಂದು ಗೇಣು ಕತ್ತರಿಸಿ, ತುದಿಗೆ ಹಸಿರು ಕಾಗದದ ಸೋಗೆ ಅಂಟಿಸಿದರೆ ಅಡಿಕೆ ಮರ. 120 ಮರ ಮಾಡಿದೆ. ಮಣ್ಣಿಗೆ ನಮ್ಮ ಹಿತ್ತಲಿನ ಕೆಂಪುಕಲ್ಲಿನ ಪುಡಿ, ಜರಡಿ ಹಿಡಿದು ಫೆವಿಕಾಲ್ ನೀರಿನಲ್ಲಿ ಕೂರಿಸಿದ್ದು. ಅಡಿಕೆ ತೋಟದ ನೆರಳು ಹೇಗೆ ಬೀಳುತ್ತದೆ ಅಂತ ಈಗ ಬಸ್ಸಿನಿಂದಲೂ ಗಮನಿಸುತ್ತೇನೆ. ಮೊದಲು ಸುಮ್ನೆ ಮೊಬೈಲ್ ನೋಡುತ್ತಿದ್ದೆ.

ಕಳೆದ ವರ್ಷ ನಮ್ಮ ನೆಂಟರಲ್ಲಿ ಒಬ್ಬರು, ರಿಟೈರ್ ಆದ ಲೋಕೋ ಪೈಲಟ್, ನೋಡಲು ಬಂದರು. ಕನ್ನಡಕ ಹಾಕಿ ತುಂಬಾ ಹೊತ್ತು ಬಗ್ಗಿ ನೋಡಿ ಕೇಳಿದರು, "ಎಲ್ಲ ಸರಿ. ಇಳಿಯುವಾಗ ಬ್ರೇಕ್ ಹಿಡಿಯದಿದ್ದರೆ ಗಾಡಿ ಎಲ್ಲಿಗೆ ಹೋಗಬೇಕು? ಕ್ಯಾಚ್ ಸೈಡಿಂಗ್ ಎಲ್ಲಿ ಉಂಟು?"

ಇರಲಿಲ್ಲ. ಕೈತಪ್ಪಿದ ಗಾಡಿಯನ್ನು ಏರಿಗೆ ತಿರುಗಿಸಿ ನಿಲ್ಲಿಸುವ ಆ ಕವಲು ಹಳಿ ನನಗೆ ಹೊಳೆದೇ ಇರಲಿಲ್ಲ. ಆಮೇಲೆ ಅವರು ಎರಡು ಗಂಟೆ ಕೂತು ರಾತ್ರಿ ಪಾಳಿ, ಮಂಜು, ಹಳಿ ಮೇಲೆ ಬಿದ್ದ ಮರ, ಎಲ್ಲ ಹೇಳಿದರು. ಅವರನ್ನು ಎಷ್ಟೋ ಮದುವೆಯಲ್ಲಿ ನೋಡಿದ್ದೇನೆ, "ಹೇಗಿದ್ದೀರಿ, ಊಟ ಆಯ್ತಾ" ಬಿಟ್ಟು ಮಾತಾಡಿರಲಿಲ್ಲ.

ಎರಡು ತಿಂಗಳು ಹಿಡಿದು ಸೈಡಿಂಗ್ ಕಟ್ಟಿ ಅವರನ್ನು ಮತ್ತೆ ಕರೆದೆ. ಕಂಟ್ರೋಲರ್ ಅವರ ಕೈಗೇ ಕೊಟ್ಟೆ. ನಿಧಾನಕ್ಕೆ ಇಳಿಸಿಕೊಂಡು ಬಂದು, ಹಳಿ ಕವಲೊಡೆಯುವ ಪಾಯಿಂಟಿನ ಮೊದಲು ಗಾಡಿ ಪೂರ್ತಿ ನಿಲ್ಲಿಸಿದರು. "ಇಲ್ಲಿ ನಿಲ್ಲಲೇಬೇಕು. ನಿಂತ ಮೇಲೆಯೇ ಮೇನ್ ಲೈನ್ ಕೊಡುವುದು" ಅಂದರು. ನಾನು ಪಾಯಿಂಟ್ ಬದಲಾಯಿಸಿದೆ.