ಎಕ್ಸಾಟಿಕ್ ಗಿಳಿಪಾಠ

ನಮ್ಮಕ್ಕನ ಮಗಳು ಪುಟ್ಟಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಮಾರ್ಕ್ಸಿಗೇನೂ ಕೊರತೆಯಿಲ್ಲ. ಆದರೆ ಗ್ರೂಪ್ ಡಿಸ್ಕಷನ್ ಅಂದರೆ ಸಾಕು, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ. ಹಾಗಾಗಿ ನಮ್ಮ ಬಡಾವಣೆಯ ಬೇಕರಿ ಮೇಲಿನ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿಸಿದೆವು. ಕೆಳಗೆ ಆಲೂಬನ್, ಮೇಲೆ ವೊಕ್ಯಾಬುಲರಿ. ದಿನಕ್ಕೆ ಹತ್ತು ಹೊಸ ಪದ, ವಾರಕ್ಕೊಂದು ವಾದ. ಈ ಸಲದ ವಾದ, ಎಕ್ಸಾಟಿಕ್ ಪ್ರಾಣಿಗಳನ್ನು ಮನೆಯಲ್ಲಿ ಸಾಕಬಹುದೋ ಬಾರದೋ ಎಂಬುದು.

"ಮಾವ, ಎಕ್ಸಾಟಿಕ್‌ಗೆ ಕನ್ನಡದಲ್ಲಿ ಏನಂತಾರೆ?" ಅಂದಳು.

ನಿಘಂಟು ತೆಗೆದೆ. ಗ್ರೀಕ್ ಮೂಲದ ಪದವಂತೆ, ಹೊರಗಿನಿಂದ ಬಂದದ್ದು ಎಂದರ್ಥವಂತೆ. "ಹಾಗಾದ್ರೆ ಪರದೇಶಿ ಅನ್ನು" ಎಂದೆ. ಅವರೆಕಾಯಿ ಸುಲಿಯುತ್ತಿದ್ದ ನಮ್ಮಮ್ಮ ತಲೆಯೆತ್ತಿ, "ಅಯ್ಯೋ ಪಾಪ, ಅದಕ್ಕೆ ಹಿಂದೆಮುಂದೆ ಯಾರೂ ಇಲ್ವೇನೋ?" ಅಂದರು.

ಪುಟ್ಟಿ ನಕ್ಕಳು. ನನಗೆ ಮಾತ್ರ ನಿಘಂಟಿಗಿಂತ ಅಮ್ಮನ ಅರ್ಥವೇ ಸರಿ ಅನ್ನಿಸಿತು.

ಪುಟ್ಟಿಯ ನೋಟ್‌ಬುಕ್ಕಿನಲ್ಲಿ ಆ ದಿನದ ಪದಗಳಿದ್ದವು. ನೋಡುತ್ತಾ ಹೋದಂತೆ ಇದು ಭಾಷೆಯ ಪಾಠವೋ ಬಟ್ಟೆ ಒಗೆಯುವ ಪಾಠವೋ ತಿಳಿಯದಾಯಿತು. ಯಾವ ಕೊಳೆ ಹಾಕಿದರೂ ಬೆಳ್ಳಗಾಗಿ ಹೊರಬರುತ್ತದೆ. ಪಂಜರ ಒಳಹೋಗಿ ಎನ್‌ಕ್ಲೋಷರ್ ಆಗುತ್ತದೆ. ಯಜಮಾನ ಪೆಟ್ ಪೇರೆಂಟ್ ಆಗುತ್ತಾನೆ. ಬೆಲೆ ಅನ್ನಬಾರದು, ಅಡಾಪ್ಷನ್ ಫೀ ಅನ್ನಬೇಕು. ಪಂಜರದೊಳಗೆ ಒಂದು ಹಳೇ ಪ್ಲಾಸ್ಟಿಕ್ ಚೆಂಡು ಎಸೆದರೆ ಅದು ಎನ್‌ರಿಚ್‌ಮೆಂಟ್. ಸಾಕಿ ಸಾಕಾಗಿ ಬೇರೆಯವರ ತಲೆಗೆ ಕಟ್ಟಿದರೆ ರೀಹೋಮಿಂಗ್. ಕನ್ನಡದಲ್ಲಿ ಈ ಅನುಕೂಲ ಇಲ್ಲ ನೋಡಿ. ನಮ್ಮಲ್ಲಿ ಸಾಕುವುದಕ್ಕೂ ಸಾಕಪ್ಪಾ ಸಾಕು ಎನ್ನುವುದಕ್ಕೂ ಇರುವುದು ಒಂದೇ ಪದ. ಪ್ರಾಣಿ ಮನೆಗೆ ಬಂದ ದಿನವೇ ಅದನ್ನು ಕಳಿಸುವ ದಿನದ ಸೂಚನೆಯೂ ಸಿಕ್ಕಿಬಿಡುತ್ತದೆ.

ಇದೆಲ್ಲ ನನಗೆ ಹೊಸದೇನಲ್ಲ. ನಮ್ಮ ಮೇಲಿನ ಮಹಡಿಯಲ್ಲಿ ಒಂದು ಮಕಾವ್ ಇದೆ. ದಕ್ಷಿಣ ಅಮೆರಿಕದ ದೊಡ್ಡ ಗಿಳಿ, ಬೆನ್ನು ನೀಲಿ, ಹೊಟ್ಟೆ ಅರಿಶಿನ, ಕೊಕ್ಕು ಅಡಕೆಕತ್ತರಿ. ಬೆಳಗ್ಗೆ ಐದೂವರೆಗೆ ಅದರ ಕೂಗು ಶುರುವಾದರೆ ನಮ್ಮ ಕುಕ್ಕರ್ ನಾಚಿಕೊಂಡು ಸೀಟಿ ಹಾಕುವುದಿಲ್ಲ. ಯಜಮಾನರು ಒಳ್ಳೆಯವರು, ಸಾಫ್ಟ್‌ವೇರ್‌ನವರು. ಕೂಗನ್ನು 'ವೋಕಲೈಸೇಶನ್' ಎಂದು ವಿವರಿಸಿದರು. ಅಂದಿನಿಂದ ನಮಗೆ ನಿದ್ದೆ ಕೆಡುತ್ತಿಲ್ಲ, ವೋಕಲೈಸೇಶನ್ ಆಗುತ್ತಿದೆ. ಈ ಹಕ್ಕಿ ಚೆನ್ನಾಗಿ ಸಾಕಿದರೆ ಐವತ್ತು ವರ್ಷ ಬದುಕುತ್ತದೆ. ಅವರ ಮನೆ ಸಾಲ ಇಪ್ಪತ್ತು ವರ್ಷದ್ದು.

ಇನ್ನು ಕಾನೂನಿನ ಕಡೆ ಬನ್ನಿ, ಅಲ್ಲಿ ಇನ್ನೂ ಸೊಗಸಿದೆ. ನಮ್ಮ ಬೀದಿಯ ಅಶ್ವತ್ಥಕಟ್ಟೆಯಲ್ಲಿ ಒಬ್ಬ ಗಿಣಿಶಾಸ್ತ್ರದವನು ಕೂರುತ್ತಿದ್ದ. ಗಿಳಿ ಹೊರಗೆ ಬಂದು ಒಂದು ಕಾರ್ಡ್ ಎಳೆದು ವೆಂಕಟರಮಣನನ್ನೋ ಆಂಜನೇಯನನ್ನೋ ತೋರಿಸಿ, ಒಂದು ಭತ್ತದ ಕಾಳು ತಿಂದು ಒಳಗೆ ಹೋಗುತ್ತಿತ್ತು. ಈಗ ಅವನು ಬರುವುದಿಲ್ಲ. ಕೊರಳಿಗೆ ಗುಲಾಬಿ ಪಟ್ಟಿಯಿರುವ ನಮ್ಮ ಹಸಿರು ಗಿಳಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಎರಡನೇ ಶೆಡ್ಯೂಲಿನಲ್ಲಿದೆ. ಪಂಜರದಲ್ಲಿಟ್ಟರೆ ಮೂರು ವರ್ಷದವರೆಗೆ ಜೈಲು. ಸರಿಯಾದ ಕಾಯ್ದೆಯೇ, ಗಿಳಿಗೆ ರೆಕ್ಕೆ ಇರುವುದು ಕಾರ್ಡ್ ಎಳೆಯುವುದಕ್ಕಲ್ಲ. ಆದರೆ ಅದೇ ಬೀದಿಯ ಮೂರನೇ ಮಹಡಿಯಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ಗಿಳಿ ಪಂಜರದಲ್ಲಿದ್ದರೆ ಅಪರಾಧವಲ್ಲ. ಅದಕ್ಕೊಂದು ಫಾರಂ ಇದೆ.

ಬಹಳ ಕಾಲ ಫಾರಂ ಕೂಡ ಇರಲಿಲ್ಲ. ನಮ್ಮ ಕಾಯ್ದೆ ನೋಡಿಕೊಳ್ಳುತ್ತಿದ್ದದ್ದು ಮುಖ್ಯವಾಗಿ ಈ ನೆಲದ ಪ್ರಾಣಿಗಳನ್ನು. ಪರದೇಶಿ ಪ್ರಾಣಿಯನ್ನು ಏರ್‌ಪೋರ್ಟಿನಲ್ಲಿ ಕಸ್ಟಮ್ಸ್‌ನವರು ಹಿಡಿದರೆ ಹಿಡಿದರು. ಬಾಗಿಲು ದಾಟಿ ಒಳಗೆ ಬಂದರೆ 'ಎಲ್ಲಿಂದ ತಂದೆ' ಎಂದು ಕೇಳುವವರೇ ಇಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಉಪಾಯ ಹೂಡಿತು. ನಿಮ್ಮ ಹತ್ತಿರ ಏನಿದೆಯೋ ನೀವಾಗಿಯೇ ಹೇಳಿ, ಆರು ತಿಂಗಳೊಳಗೆ ಹೇಳಿದರೆ ಕಾಗದಪತ್ರ ತೋರಿಸಬೇಕಿಲ್ಲ ಎಂದಿತು. ಲೆಕ್ಕವಾದರೂ ಸಿಗಲಿ ಎಂಬುದು ಒಳ್ಳೆಯ ಉದ್ದೇಶವೇ. ನನಗೆ ಮಾತ್ರ ನಮ್ಮೂರ ಸಂತೆಯ ನೆನಪಾಯಿತು. ಕದ್ದ ಕೋಳಿ ಯಾರದೆಂದು ಪಂಚಾಯ್ತಿಯವರು ಕೇಳಲಿಲ್ಲ, ಕೋಳಿಯ ಹೆಸರೇನು ಎಂದಷ್ಟೇ ಬರೆದುಕೊಂಡರು. ಆಮೇಲೆ 2022ರ ತಿದ್ದುಪಡಿ ಬಂತು. ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ 'ಸೈಟ್ಸ್' ಎಂಬ ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳಿಗೆ ನಾಲ್ಕನೇ ಶೆಡ್ಯೂಲಿನಲ್ಲಿ ಜಾಗವಾಯಿತು. 2024ರ ಫೆಬ್ರುವರಿಯಲ್ಲಿ ನೋಂದಣಿ ನಿಯಮ ಬಂತು, ಮತ್ತೆ ಆರು ತಿಂಗಳ ಗಡುವು ಬಂತು. ಮಕಾವ್‌ಗೆ ಈಗ ಪರಿಸರ ಸಚಿವಾಲಯದ 'ಪರಿವೇಶ್' ಪೋರ್ಟಲ್ಲಿನಲ್ಲಿ ದಾಖಲೆ ಆಗಬೇಕು. ನಮ್ಮ ಓಣಿಯ ಅರ್ಧ ಜನಕ್ಕೆ ಖಾತೆ ಆಗಿಲ್ಲ, ಗಿಳಿಗೆ ಆಗಿದೆ.

ಕ್ಲಾಸಿನಲ್ಲಿ ಪುಟ್ಟಿಗೆ ಕೊಟ್ಟದ್ದು 'ಪರ' ಪಕ್ಷ. ಮೊದಲ ವಾದ ಕನ್ಸರ್ವೇಶನ್, ಅಂದರೆ ಕಾಡು ನಾಶವಾಗುತ್ತಿದೆ, ನಾವು ಮನೆಯಲ್ಲಿಟ್ಟು ಉಳಿಸುತ್ತಿದ್ದೇವೆ. ಕೇಳಲು ಚೆನ್ನಾಗಿದೆ. ನಾನು ಅವಳಿಗೆ 2023ರ ಸೆಪ್ಟೆಂಬರ್‌ನ ಸುದ್ದಿ ಓದಿಸಿದೆ. ಬ್ಯಾಂಕಾಕಿನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದ ಬ್ಯಾಗೊಂದರಲ್ಲಿ 78 ಜೀವಗಳು. 55 ಬಾಲ್ ಪೈಥಾನ್ ಎಂಬ ಹೆಬ್ಬಾವು, 17 ಕಾಳಿಂಗ ಸರ್ಪ, 6 ಕ್ಯಾಪುಚಿನ್ ಮಂಗ. ಹಾವುಗಳು ಬದುಕಿದ್ದವು, ಮಂಗಗಳು ಆರಕ್ಕೆ ಆರೂ ಸತ್ತಿದ್ದವು. ಅದಕ್ಕೂ ಹಿಂದಿನ ತಿಂಗಳು ಅದೇ ನಿಲ್ದಾಣದಲ್ಲಿ, ಅದೇ ಬ್ಯಾಂಕಾಕಿನಿಂದ 234 ಪ್ರಾಣಿಗಳು ಬಂದಿದ್ದವು. ಅದರಲ್ಲೊಂದು ಕಾಂಗರೂ ಮರಿ, ಅದೂ ಸತ್ತಿತ್ತು. ಟ್ರಾಲಿ ಬ್ಯಾಗಿನೊಳಗಿನ ಕನ್ಸರ್ವೇಶನ್ ಹೀಗಿರುತ್ತದೆ.

ನನಗೆ ನಗು ಬಂದದ್ದು ಕಾಳಿಂಗದ ವಿಷಯಕ್ಕೆ. ಕರ್ನಾಟಕಕ್ಕೆ ಕಾಳಿಂಗ ಸರ್ಪ ತರುವುದೆಂದರೆ ಮಡಿಕೇರಿಗೆ ಕಾಫಿಪುಡಿ ಹೊತ್ತ ಹಾಗೆ. ಆಗುಂಬೆಯ ಕಡೆ ಹೋದರೆ ತೋಟಕ್ಕೆ, ಕೊಟ್ಟಿಗೆಗೆ, ಒಮ್ಮೊಮ್ಮೆ ಬಚ್ಚಲಿಗೂ ಅದೇ ಬರುತ್ತದೆ, ವೀಸಾ ಬೇಕಿಲ್ಲ. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಈ ಹಾವನ್ನು ಬೇರೆಯೇ ಪ್ರಭೇದ ಎಂದು ಗುರುತಿಸಿದರು. ಅದರ ವೈಜ್ಞಾನಿಕ ಹೆಸರಿನಲ್ಲಿ 'ಕಾಳಿಂಗ' ಎಂಬ ನಮ್ಮ ಪದವನ್ನೇ ಇಟ್ಟರು. ವಿಜ್ಞಾನ ನಮ್ಮಿಂದ ಪದ ಎರವಲು ಪಡೆಯುವ ಹೊತ್ತಿಗೆ ನಾವು ಬ್ಯಾಂಕಾಕಿನಿಂದ ಹಾವು ತರಿಸುತ್ತಿದ್ದೇವೆ. ಹಿತ್ತಲ ಗಿಡ ಮದ್ದಲ್ಲ, ಹಿತ್ತಲ ಹಾವು ಪೆಟ್ಟಲ್ಲ.

ಎರಡನೇ ವಾದ, ಮಕ್ಕಳಿಗೆ ಜವಾಬ್ದಾರಿ ಬರುತ್ತದೆ ಎಂಬುದು. ಇದಕ್ಕೆ ಸಾಕ್ಷಿ ಮೀನಿನ ಅಂಗಡಿಯಲ್ಲಿದೆ. ಕಿವಿಯ ಹತ್ತಿರ ಕೆಂಪು ಗೀರಿರುವ ಪುಟ್ಟ ಆಮೆ, ಅಮೆರಿಕದ ಮಿಸಿಸಿಪ್ಪಿ ಕಡೆಯದು. ತರುವಾಗ ರೂಪಾಯಿ ನಾಣ್ಯದಷ್ಟು, ನಾಲ್ಕಾರು ವರ್ಷಕ್ಕೆ ಊಟದ ತಟ್ಟೆಯಷ್ಟು. ನಾಲ್ಕು ಇಂಚಿಗಿಂತ ಚಿಕ್ಕ ಆಮೆ ಮಾರಬಾರದು ಎಂದು ಅಮೆರಿಕದವರೇ 1975ರಲ್ಲಿ ನಿಷೇಧ ಹಾಕಿದರು, ಮಕ್ಕಳು ಬಾಯಿಗೆ ಹಾಕಿಕೊಂಡು ಸಾಲ್ಮೊನೆಲ್ಲಾ ಎಂಬ ಹೊಟ್ಟೆಯ ಸೋಂಕು ಹತ್ತಿಸಿಕೊಳ್ಳುತ್ತಿದ್ದರೆಂದು. ನಮ್ಮಲ್ಲಿ ಅದನ್ನು ವಾಸ್ತುವಿಗೆಂದು ಕೊಳ್ಳುತ್ತಾರೆ. ತಟ್ಟೆಯಷ್ಟಾದ ಮೇಲೆ ಮಗುವಿನ ಜವಾಬ್ದಾರಿ ಅಪ್ಪನಿಗೆ ವರ್ಗವಾಗುತ್ತದೆ. ಅಪ್ಪ ಒಂದು ಭಾನುವಾರ ಅದನ್ನು ಬಕೆಟ್ಟಿನಲ್ಲಿ ಹಾಕಿಕೊಂಡು ಕೆರೆಗೆ ಬಿಟ್ಟು, 'ಸ್ವಾತಂತ್ರ್ಯ ಕೊಟ್ಟೆ' ಎಂದು ಸ್ಟೇಟಸ್ ಹಾಕುತ್ತಾನೆ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಅಲ್ಲಿ ನಮ್ಮ ಆಮೆಗಳ ಊಟ, ಬಿಸಿಲು ಕಾಯುವ ಕಲ್ಲು ಎರಡೂ ಇದರ ಪಾಲು. ಇತ್ತ ನಮ್ಮದೇ ನಕ್ಷತ್ರ ಆಮೆ ಸೂಟ್‌ಕೇಸಿನಲ್ಲಿ ಬೇರೆ ದೇಶಕ್ಕೆ ಹೋಗುತ್ತದೆ, ಅಲ್ಲಿ ಅದು ಎಕ್ಸಾಟಿಕ್. ಯಾವ ಪ್ರಾಣಿಯೂ ತನ್ನೂರಲ್ಲಿರುವಷ್ಟು ದಿನ ಸುಂದರವಲ್ಲ ಅಂತ ಕಾಣುತ್ತದೆ.

ಮೂರನೇ ವಾದ, ನನ್ನ ದುಡ್ಡು ನನ್ನ ಮನೆ. ಈ ವಾದವನ್ನು ಅತ್ಯಂತ ನಿಷ್ಠೆಯಿಂದ ಪಾಲಿಸಿದವನು ಕೊಲಂಬಿಯಾದ ಕೊಕೇನ್ ದೊರೆ ಪಾಬ್ಲೊ ಎಸ್ಕೊಬಾರ್. 1980ರ ದಶಕದಲ್ಲಿ ತನ್ನ ಎಸ್ಟೇಟಿಗೆ ನಾಲ್ಕು ನೀರಾನೆ ತರಿಸಿದ. ಅವನು 1993ರಲ್ಲಿ ಪೊಲೀಸರ ಗುಂಡಿಗೆ ಸತ್ತ, ಉಳಿದ ಪ್ರಾಣಿಗಳನ್ನು ಬೇರೆ ಕಡೆ ಸಾಗಿಸಿದರು, ನೀರಾನೆ ಎತ್ತುವವರು ಯಾರು? ಬಿಟ್ಟರು. ನಾಲ್ಕು ಹೋಗಿ ಈಗ ನೂರೈವತ್ತು ದಾಟಿವೆ, ಸರ್ಕಾರ ಅವನ್ನು ಆಕ್ರಮಣಕಾರಿ ಪ್ರಭೇದ ಎಂದು ಘೋಷಿಸಿ ತಲೆ ಹಿಡಿದು ಕೂತಿದೆ. ತಮಾಷೆ ಎಂದರೆ 2021ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಈ ನೀರಾನೆಗಳನ್ನು ಮೊಕದ್ದಮೆಯಲ್ಲಿ 'ಇಂಟರೆಸ್ಟೆಡ್ ಪರ್ಸನ್ಸ್', ಅಂದರೆ ಹಿತಾಸಕ್ತಿಯುಳ್ಳ ವ್ಯಕ್ತಿಗಳು, ಎಂದು ಪರಿಗಣಿಸಿತು. ಒಳ್ಳೆಯ ಉದ್ದೇಶಕ್ಕೇ ಇರಬಹುದು, ಆದರೆ ಪುಟ್ಟಿ ಆ ಎರಡು ಪದಕ್ಕೆ ಹಳದಿ ಹೈಲೈಟರ್ ಬಳಿದಳು. ವೊಕ್ಯಾಬುಲರಿಯ ಶಕ್ತಿ ಎಂದರೆ ಇದು. ಒಂದೂವರೆ ಟನ್ ತೂಗುವ ಹೊಟ್ಟೆಯೂ ಎರಡು ಪದದೊಳಗೆ ಹಿಡಿಸಿತು.

ಡಿಸ್ಕಷನ್ ದಿನ ಪುಟ್ಟಿ ಚೆನ್ನಾಗಿಯೇ ಮಾತಾಡಿದಳಂತೆ. ಕನ್ಸರ್ವೇಶನ್, ಕಂಪ್ಯಾನಿಯನ್‌ಶಿಪ್, ಎನ್‌ರಿಚ್‌ಮೆಂಟ್, ಎಲ್ಲವನ್ನೂ ಉದುರಿಸಿದಳಂತೆ. ಸರ್ 'ಫ್ಲುಯೆನ್ಸಿ' ಎಂಬ ಕಾಲಂನಲ್ಲಿ ಒಂಬತ್ತು ಹಾಕಿದರು. ವಾದ ಸರಿಯೋ ತಪ್ಪೋ ಎಂಬುದಕ್ಕೆ ಆ ಹಾಳೆಯಲ್ಲಿ ಕಾಲಂ ಇರಲಿಲ್ಲ.

ಈ ಖ್ಯಾತಿ ಮೂರನೇ ಮಹಡಿಗೂ ಮುಟ್ಟಿತು. ಮೊನ್ನೆ ಸಂಜೆ ಯಜಮಾನರು ಲ್ಯಾಪ್‌ಟಾಪ್ ಹಿಡಿದು ಇಳಿದು ಬಂದರು. ತೋರುಬೆರಳಿಗೆ ದಪ್ಪನೆಯ ಬ್ಯಾಂಡೇಜು. ಕಂಪನಿ ಅವರನ್ನು ಡಬ್ಲಿನ್‌ಗೆ ಕಳಿಸುತ್ತಿದೆಯಂತೆ, ಮಕಾವ್‌ಗೆ ಒಳ್ಳೆಯ ಮನೆ ಹುಡುಕಬೇಕಂತೆ, ಇಂಗ್ಲಿಷಿನಲ್ಲಿ ನಾಲ್ಕು ಸಾಲು ಚೆನ್ನಾಗಿ ಬರೆದುಕೊಡಬೇಕಂತೆ. ಪುಟ್ಟಿ ಸೋಫಾದ ಮೇಲೆ ಕಾಲು ಮಡಚಿ ಕೂತು ಟಕಟಕ ಟೈಪಿಸಿದಳು. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ತುಂಬಾ ಹಿಡಿಸಿತು.

"ಎಲ್ಲಾ ಸೊಗಸಾಗಿದೆ ಪುಟ್ಟಿ. ಆದ್ರೆ ಅದು ಕಚ್ಚುತ್ತೆ ಅನ್ನೋದನ್ನ ಎಲ್ಲಿ ಬರ್ದಿದ್ದೀಯ? ನಾಳೆ ಯಾರೂ ನನ್ನ ಕೇಳ್ಬಾರ್ದು."

"ಬರ್ದಿದ್ದೀನಿ ಅಂಕಲ್, ಮೂರನೇ ಸಾಲು. 'ಸ್ಪಿರಿಟೆಡ್' ಅಂತ."

ಮೇಲಿನಿಂದ ಮಕಾವ್ ಕೂಗಿತು. ಎರಡು ವರ್ಷದಿಂದ ಅವರು ಹಲೋ, ಗುಡ್ ಮಾರ್ನಿಂಗ್ ಕಲಿಸುತ್ತಿದ್ದರೂ ಅದು ಕಲಿತಿರುವುದು ನಮ್ಮ ವಾಚ್‌ಮನ್ ಸಿದ್ದಪ್ಪನ ಮಾತೊಂದನ್ನೇ. "ಯಾರ್ರೀ ಅದು? ಗೇಟ್ ತೆಗೀರಿ!"