ಪಿಕ್ಚರ್ ಟ್ಯೂಬ್ ಕಿತ್ತೆಸೆಯಬೇಡಿ

ಗೇಮ್ ಅಂಗಡಿಗಳಲ್ಲಿ ನಿಂತು ಆಡುವ ಹಳೇ ವಿಡಿಯೋ ಗೇಮ್ ಪೆಟ್ಟಿಗೆ ರಿಪೇರಿ ಬಗ್ಗೆ ನಿಮ್ಮ ಬರಹ ಓದಿದೆ. ಅದರ ಪಿಕ್ಚರ್ ಟ್ಯೂಬ್ (ಹಳೇ ಟಿವಿಯಲ್ಲಿದ್ದಂಥ ಗಾಜಿನ ಪರದೆ) ತೆಗೆದು ಎಲ್‌ಸಿಡಿ ಕೂರಿಸಿ ಅಂತ ಬರೆದಿದ್ದೀರಿ. ಇದೊಂದನ್ನು ನಾನು ಒಪ್ಪಲ್ಲ. ಎಷ್ಟೋ ಸಲ ಟ್ಯೂಬ್ ಚೆನ್ನಾಗೇ ಇರುತ್ತದೆ, ಒಣಗಿರೋದು ಕೆಪಾಸಿಟರ್, ಅಂದರೆ ಸರ್ಕ್ಯೂಟಿನಲ್ಲಿ ಕರೆಂಟ್ ಹಿಡಿದಿಟ್ಟು ಬಿಡುವ ಪುಟ್ಟ ಭಾಗ.

ಮಂಡ್ಯದಲ್ಲಿ ಮುಚ್ಚಿಹೋದ ಗೇಮ್ ಅಂಗಡಿಯಿಂದ ನಮ್ಮ ಭಾವ ಒಂದು ಪೆಟ್ಟಿಗೆ ತಂದಿದ್ದರು. ಆನ್ ಮಾಡಿದರೆ ಚಿತ್ರದ ಅಂಚು ಹಾವಿನ ಹಾಗೆ ನುಲಿಯುತ್ತಿತ್ತು. ಮೈಸೂರಿನ ಅಗ್ರಹಾರದಲ್ಲಿ ಹಳೇ ಟಿವಿ ಮೆಕ್ಯಾನಿಕ್ ಒಬ್ಬರಿದ್ದಾರೆ. ತಲೆ ಉಬ್ಬಿದ ಕೆಪಾಸಿಟರ್‌ಗಳನ್ನು ಕಿತ್ತು ಹೊಸದು ಬೆಸುಗೆ ಹಾಕಿದರು, ಅಷ್ಟೇ. ಚಿತ್ರ ನೆಟ್ಟಗೆ ನಿಂತಿತು.

ಆದರೆ ಸುಮ್ನೆ ಕೈ ಹಾಕಬೇಡಿ. ಪ್ಲಗ್ ಕಿತ್ತ ಮೇಲೂ ಟ್ಯೂಬಿನೊಳಗೆ ಸಾವಿರಾರು ವೋಲ್ಟ್ ಉಳಿದಿರಬಹುದು. ಅದನ್ನು ಇಳಿಸೋದು ಗೊತ್ತಿರುವವರೇ ಮುಟ್ಟಬೇಕು.

ಇನ್ನೊಂದು ಮಾತು. ಗೇಮ್ ನಡೆಸುವ ಸರ್ಕ್ಯೂಟ್ ಬೋರ್ಡಿನ ಮೇಲೆ ಚಿಕ್ಕ ಬ್ಯಾಟರಿ ಇದ್ದರೆ ಮೊದಲು ಅದನ್ನು ನೋಡಿ. ನಮ್ಮದರಲ್ಲಿ ಸೋರಿ, ಸುತ್ತಲಿನ ತಾಮ್ರದ ಗೆರೆಗಳು ಹಸಿರುಗಟ್ಟಿದ್ದವು. ಹಳೇ ಟೂತ್‌ಬ್ರಷ್‌ನಲ್ಲಿ ವಿನೆಗರ್ ಹಚ್ಚಿ ಉಜ್ಜಿದೆವು.

ಬೋರ್ಡ್ ಪೂರ್ತಿ ಹೋಗಿದ್ದರೂ ಪೆಟ್ಟಿಗೆ ದಂಡವಲ್ಲ. 1985ರಲ್ಲಿ ಜಪಾನಿನವರು ತಂದ ಜಮ್ಮಾ ಅನ್ನೋ 56 ಪಿನ್ ಕನೆಕ್ಟರ್ ಇದ್ದರೆ, ಅದಕ್ಕೆ ಹೊಂದುವ ಬೇರೆ ಗೇಮಿನ ಬೋರ್ಡ್ ಸಿಕ್ಕಿಸಬಹುದು. ವೈರಿಂಗ್ ಬಿಚ್ಚೋ ಕೆಲಸವೇ ಇಲ್ಲ.

ಅಂದಹಾಗೆ, ಮಳೆಗಾಲದಲ್ಲಿ ಉಬ್ಬಿದ ಪೆಟ್ಟಿಗೆಯ ಪ್ಲೈವುಡ್‌ಗೆ ಏನು ಮಾಡಿದಿರಿ? ನಮ್ಮದರ ತಳ ಹಪ್ಪಳದ ಹಾಗೆ ಏಳುತ್ತಿದೆ.